ಕೆಲಸಕ್ಕೆ ಪತ್ರ ಬರೆಯುವುದು ಹೇಗೆ? ರಜಾ ಅರ್ಜಿಯ ಥರ ಅಲ್ಲ

ಹೋದ ತಿಂಗಳು ನಮ್ಮ ಮಹಡಿ ಮನೆಯ ಹುಡುಗಿ ಒಂದು ಹಾಳೆ ಹಿಡಿದು ಕೆಳಗೆ ಬಂದಳು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಜೆ.ಸಿ. ರಸ್ತೆಯ ಆಟೊ ಸ್ಪೇರ್ಸ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಅರ್ಜಿ ಹಾಕಬೇಕಿತ್ತು. ರೆಸ್ಯೂಮೆ ಜೊತೆ ಕವರ್ ಲೆಟರ್ ಕೂಡ ಕೇಳಿದ್ದರು.

“ಅಂಕಲ್, ಸ್ವಲ್ಪ ನೋಡಿಕೊಡ್ತೀರಾ?”

ನೋಡಿದೆ. “ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ” ಎಂದು ಶುರುವಾಗಿತ್ತು. “ತಾವು ದಯಮಾಡಿ ಅವಕಾಶ ಕೊಟ್ಟರೆ ಪ್ರಾಮಾಣಿಕವಾಗಿ ದುಡಿಯುತ್ತೇನೆ” ಎಂದು ಮುಗಿದಿತ್ತು. ಏಳನೇ ಕ್ಲಾಸಿನಲ್ಲಿ ನಾವೆಲ್ಲ ಬರೆದ ರಜಾ ಅರ್ಜಿಯೇ ಅದು. ಜ್ವರ ಇದ್ದ ಜಾಗಕ್ಕೆ ಕೆಲಸ ಬಂದು ಕೂತಿತ್ತು, ಅಷ್ಟೇ.

ತಪ್ಪು ಅವಳದಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ್ದೇ ಬೇಡುವ ಪತ್ರ. ಆದರೆ ಇಲ್ಲಿ ಗರಜು ಎರಡೂ ಕಡೆ ಇದೆ. ಅವರಿಗೆ ಒಂದು ಕೆಲಸ ಆಗಬೇಕು. ಅದನ್ನು ನಾನು ಮಾಡಿದ್ದೇನೆ, ಇಲ್ಲವೇ ಮಾಡಬಲ್ಲೆ ಎಂದು ತೋರಿಸಿದರೆ ಪತ್ರದ ಮುಕ್ಕಾಲು ಪಾಲು ಮುಗಿಯಿತು.

ಮೊದಲು ಜಾಹೀರಾತು, ಕೈಯಲ್ಲಿ ಪೆನ್ನು

ಕಂಪ್ಯೂಟರ್ ಆನ್ ಮಾಡಬೇಡಿ. ಒಂದು ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ಜಾಹೀರಾತಿನಲ್ಲಿ ಕೇಳಿದ್ದನ್ನೆಲ್ಲ ಒಂದೊಂದಾಗಿ ಬರೆಯಿರಿ. ಇವಳಿಗೆ ಸಿಕ್ಕಿದ್ದು ನಾಲ್ಕು: ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ರಿಟರ್ನ್ಸ್, ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಚೀಟಿ), ಸಪ್ಲೈಯರ್‌ಗಳ ಜೊತೆ ವ್ಯವಹಾರ. ಬಲಗಡೆ ನೀವು ಏನು ಮಾಡಿದ್ದೀರಿ ಅನ್ನುವುದು ಬರಬೇಕು.

ಇವಳು ನಾಲ್ಕಕ್ಕೂ “ಗೊತ್ತಿದೆ” ಎಂದು ಬರೆದಳು.

“ಗೊತ್ತಿದೆ ಅನ್ನೋದು ಉತ್ತರ ಅಲ್ಲಮ್ಮ. ಹೋದ ತಿಂಗಳು ಏನು ಮಾಡಿದೆ, ಅದನ್ನ ಹೇಳು” ಅಂದೆ.

ಆಗ ಬಾಯಿಬಿಟ್ಟಳು. ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರೊಳಗೆ 3ಬಿ (ತಿಂಗಳ ತೆರಿಗೆ ಲೆಕ್ಕ) ಹೋಗಬೇಕು. ಮಧ್ಯೆ 14ಕ್ಕೆ 2ಬಿ, ಅಂದರೆ ಮಾಲು ಕೊಟ್ಟವರು ತೋರಿಸಿದ ಬಿಲ್‌ಗಳ ಪಟ್ಟಿ ಬರುತ್ತದೆ. ಅಂಗಡಿಯ ಖರೀದಿ ಬಿಲ್‌ಗಳನ್ನೆಲ್ಲ ಅದರ ಜೊತೆ ತಾಳೆ ನೋಡುವುದು ಇವಳ ಕೆಲಸ. ಒಂದು ತಿಂಗಳು 9 ಬಿಲ್ ಅದರಲ್ಲಿ ಇರಲೇ ಇಲ್ಲ, ಮಾಲು ಕೊಟ್ಟವರು ತೋರಿಸಿರಲಿಲ್ಲ. ಹಾಗಾದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ಕ್ರೆಡಿಟ್ (ತಾನು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ) ಅಂಗಡಿಗೆ ಸಿಗುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, ಬೆನ್ನು ಹತ್ತಿ, ಮುಂದಿನ ತಿಂಗಳು ಒಂಬತ್ತನ್ನೂ ಹಾಕಿಸಿದ್ದಾಳೆ.

ಇಷ್ಟು ದೊಡ್ಡ ವಿಷಯ ಪತ್ರದಲ್ಲಿ ಎಲ್ಲೂ ಇರಲಿಲ್ಲ. “ಅದು ದಿನಾ ಮಾಡೋ ಕೆಲಸ ಅಲ್ವಾ ಅಂಕಲ್?” ಅಂದಳು. ದಿನಾ ಮಾಡುವುದಕ್ಕೇ ಅವರು ಸಂಬಳ ಕೊಡುವುದು.

ಬಲಗಡೆ ಒಂದೆರಡು ಖಾಲಿ ಉಳಿದರೆ ಉಳಿಯಲಿ. ಸುಮ್ನೆ ತುಂಬಿಸಬೇಡಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅಲ್ಲಿಗೇ ಬರುತ್ತದೆ.

ಆಮೇಲೆ ಮೂರು ಪ್ಯಾರಾ

ಒಂದು ಪುಟ ದಾಟಬಾರದು. ಅದರಲ್ಲೂ ಮುಕ್ಕಾಲು ಪುಟವಾದರೆ ಇನ್ನೂ ಒಳ್ಳೆಯದು.

ಮೊದಲ ಪ್ಯಾರಾ ಎರಡೇ ವಾಕ್ಯ. ಯಾವ ಹುದ್ದೆ, ಜಾಹೀರಾತು ಎಲ್ಲಿ ನೋಡಿದಿರಿ, ನೀವು ಈಗ ಏನು ಮಾಡುತ್ತಿದ್ದೀರಿ. ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಇದ್ಯಾವುದೂ ಬೇಡ. ಆಧಾರ್, ಪ್ಯಾನ್ ನಂಬರನ್ನಂತೂ ಹಾಕಲೇಬೇಡಿ. ಆ ಪತ್ರ ಯಾರ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು?

ಎರಡನೆಯದರಲ್ಲಿ ಬಲಗಡೆ ಬರೆದಿದ್ದು ಬರುತ್ತದೆ. ಎಲ್ಲವೂ ಅಲ್ಲ, ಗಟ್ಟಿಯಾದ ಒಂದೆರಡು ಮಾತ್ರ. ಇವಳದು ಕೊನೆಗೆ ಹೀಗಾಯಿತು: “ಪ್ರತಿ ತಿಂಗಳು ಖರೀದಿ ಬಿಲ್‌ಗಳನ್ನು 2ಬಿ ಜೊತೆ ತಾಳೆ ನೋಡುತ್ತೇನೆ. ಒಮ್ಮೆ ಬಿಟ್ಟುಹೋಗಿದ್ದ 9 ಬಿಲ್‌ಗಳನ್ನು ಸಪ್ಲೈಯರ್‌ಗಳಿಂದ ಹಾಕಿಸಿ ಕ್ರೆಡಿಟ್ ಪಡೆದೆವು. 50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ ಮಾಡುವುದೂ ನಾನೇ.” ‘ಹಾರ್ಡ್ ವರ್ಕಿಂಗ್’, ‘ಸಿನ್ಸಿಯರ್’ ಎನ್ನುವ ಪದಗಳು ತಾವಾಗಿಯೇ ಜಾಗ ಖಾಲಿ ಮಾಡಿದವು.

ಮೂರನೆಯದೇ ಕಷ್ಟ. ಈ ಕಂಪನಿಯೇ ಯಾಕೆ? “ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ” ಎಂದು ಬರೆದರೆ ಅದು ಉತ್ತರವಲ್ಲ. ಅವರ ವೆಬ್‌ಸೈಟ್ ನೋಡಿ, ಏನು ತಯಾರಿಸುತ್ತಾರೆ ತಿಳಿದುಕೊಳ್ಳಿ. ಇವಳನ್ನು ಕೇಳಿದಾಗ ಮೊದಲು “ಸಂಬಳ ಜಾಸ್ತಿ” ಅಂದಳು. ನಿಜವೇ, ಆದರೆ ಬರೆಯುವ ಹಾಗಿಲ್ಲ. ಇನ್ನೊಂದು ಸಲ ಕೇಳಿದೆ. “ಅಂಗಡೀಲಿ ಬರೀ ಕೊಳ್ಳೋದು ಮಾರೋದು. ಕಚ್ಚಾ ಮಾಲು, ಜಾಬ್ ವರ್ಕ್, ಸ್ಕ್ರ್ಯಾಪ್ ಎಲ್ಲ ಇರೋ ಲೆಕ್ಕ ಕಲೀಬೇಕು” ಅಂದಳು. ಇದೂ ನಿಜ, ಬರೆಯುವಂಥದ್ದು ಕೂಡ. ಹಾಗೇ ಬರೆಸಿದೆ.

ಪತ್ರ ಸರಿಯಿದೆಯೋ ಇಲ್ಲವೋ ನೋಡುವುದಕ್ಕೆ ಒಂದು ಉಪಾಯ ಇದೆ. ಕಂಪನಿಯ ಹೆಸರು ಅಳಿಸಿ ಇನ್ನೊಂದರ ಹೆಸರು ಹಾಕಿ ಓದಿ. ಏನೂ ವ್ಯತ್ಯಾಸ ಕಾಣದಿದ್ದರೆ ಪತ್ರ ಇನ್ನೂ ಆಗಿಲ್ಲ ಎಂದೇ ಅರ್ಥ. ನಾನು ಕೆಲವು ವರ್ಷ ಒಂದು ಆಫೀಸಿನಲ್ಲಿ ಅರ್ಜಿ ವಿಂಗಡಿಸುತ್ತಿದ್ದೆ. ನಮ್ಮ ಎದುರಾಳಿ ಕಂಪನಿಯ ಹೆಸರಿರುವ ಪತ್ರಗಳೇ ನಮಗೆ ಬರುತ್ತಿದ್ದವು. ಈಗ ಚಾಟ್‌ಜಿಪಿಟಿ ಕೈಲಿ ಬರೆಸಿದವೂ ಹಾಗೇ, ಹತ್ತು ಓದಿದರೆ ಹತ್ತೂ ಅಣ್ಣತಮ್ಮಂದಿರು. ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಿ, ತಪ್ಪಿಲ್ಲ. ಒಂಬತ್ತು ಬಿಲ್ಲಿನ ಕತೆ ಅದಕ್ಕೆ ಗೊತ್ತಿರುವುದಿಲ್ಲವಲ್ಲ.

ಮಧ್ಯೆ ಒಂದು ವರ್ಷ ಕೆಲಸ ಬಿಟ್ಟಿದ್ದರೆ ಕಾರಣ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಕೊನೆಗೆ, ಯಾವಾಗಿನಿಂದ ಬರಬಹುದು ಅನ್ನುವುದು. ಮನೆ ದೂರವಿದ್ದರೆ ಅದನ್ನೂ ಹೇಳಿಬಿಡಿ. ಬೆಂಗಳೂರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು. ನಮ್ಮದು ಬನಶಂಕರಿ. “ಮನೆಯಿಂದ ಪೀಣ್ಯಕ್ಕೆ ಹಸಿರು ಮಾರ್ಗದಲ್ಲಿ ನೇರ ಮೆಟ್ರೊ ಇದೆ” ಎಂದು ಹಾಕಿಸಿದೆ.

ಕಳಿಸುವ ಮುಂಚೆ

ಜಾಹೀರಾತು ಯಾವ ಭಾಷೆಯಲ್ಲಿದೆಯೋ ಪತ್ರವೂ ಅದರಲ್ಲೇ ಇರಲಿ. ಇಂಗ್ಲಿಷ್ ಆದರೂ ಮೊದಲು ಕನ್ನಡದಲ್ಲಿ ಗೀಚಿಕೊಳ್ಳಿ. ಹೇಳಬೇಕಾದ್ದು ಬೇಗ ಸಿಗುತ್ತದೆ. ಕನ್ನಡದಲ್ಲೇ ಕಳಿಸುವುದಾದರೆ ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ. ನಾನು ಒಮ್ಮೆ ಹಳೇ ಫಾಂಟಿನ ವರ್ಡ್ ಫೈಲ್ ಕಳಿಸಿ, ಆ ಕಡೆ ಅಕ್ಷರವೆಲ್ಲ ಚಿತ್ರಾನ್ನವಾಗಿತ್ತು. ಫೈಲಿಗೆ ನಿಮ್ಮ ಹೆಸರು, ಹುದ್ದೆಯ ಹೆಸರು ಇಡಿ. ‘ಫೈನಲ್-ಫೈನಲ್-2’ ಬೇಡ.

ಇನ್ನೊಬ್ಬರ ಕೈಲಿ ಜೋರಾಗಿ ಓದಿಸಿ ಕೇಳಿ. ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಿ.

ವಾರ ಕಳೆದರೂ ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ಒಂದು ಮೇಲ್ ಸಾಕು. ಕರೆ ಬಂದರೆ ಪತ್ರದ ಒಂದು ಪ್ರಿಂಟ್ ಬ್ಯಾಗಿನಲ್ಲಿರಲಿ. ಹೋದ ಶುಕ್ರವಾರ ಇವಳು ಹೋಗಿ ಕೂತಾಗ ಅವರು ಕೇಳಿದ ಮೊದಲ ಮಾತು, “ಆ ಒಂಬತ್ತು ಬಿಲ್ ಹೇಗಮ್ಮ ಹಾಕಿಸಿದೆ?”