ಹಿಂದಲೆಯ ಬಂಡವಾಳ: ಕೂದಲು ಕಸಿಯ ನನ್ನ ಅನುಭವ

ನಾನು ತೋರಿಸಲು ಹೋದದ್ದು ಬರಿದಾದ ಮುಂದಲೆಯನ್ನು. ಹೈದರಾಬಾದಿನ ಆ ಚರ್ಮವೈದ್ಯರು ಮಾತ್ರ ನನ್ನನ್ನು ತಿರುಗಿಸಿ ಕೂರಿಸಿ, ಸಣ್ಣ ಕ್ಯಾಮೆರಾ ಹಿಡಿದು ಹತ್ತು ನಿಮಿಷ ಹಿಂದಲೆಯನ್ನೇ ನೋಡಿದರು. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಹಿಂಬದಿಯಲ್ಲಿ ಹಬ್ಬಿರುವ ಆ ಪಟ್ಟಿಯ ಕೂದಲು ಬೋಳು ತರುವ ಹಾರ್ಮೋನಿಗೆ ಸುಲಭವಾಗಿ ಬಗ್ಗುವುದಿಲ್ಲ. ಕಿತ್ತು ಮುಂದೆ ನೆಟ್ಟರೂ ತನ್ನ ಗುಣ ಬಿಡುವುದಿಲ್ಲ. ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ ಈ ತತ್ವದ ಮೇಲೆಯೇ ಇಂದಿನ ಕಸಿಯೆಲ್ಲ ನಿಂತಿದೆ. ಆದರೆ ತೆಗೆದ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಇರುವಷ್ಟೇ ಬಂಡವಾಳ, ಖರ್ಚಾದರೆ ಮುಗಿಯಿತು. ಕಸಿಗೆ ಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನು. ನನಗೆ ತಿಳಿದದ್ದು ತಡವಾಗಿ.

ನಾನು ಕಲಬುರಗಿಯ ಕಪನೂರಿನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕಪತ್ರ ನೋಡುತ್ತೇನೆ. ಇಪ್ಪತ್ತೆಂಟಕ್ಕೆ ಉದುರಲು ಶುರುವಾದ ಕೂದಲು ಮೂವತ್ತಾರು ತುಂಬುವಷ್ಟರಲ್ಲಿ ನೆತ್ತಿಯವರೆಗೆ ಸರಿದಿತ್ತು. ಮೊದಲು ವಿಚಾರಿಸಿದ ಇನ್ನೊಂದು ಕಡೆ ಮೊಬೈಲಿನಲ್ಲಿ ಕಳಿಸಿದ ಫೋಟೊ ನೋಡಿಯೇ ಒಂದೇ ದಿನದಲ್ಲಿ 5,000 ಗ್ರಾಫ್ಟ್ (ಕಿತ್ತು ನೆಡುವ ಕೂದಲಿನ ಗುಚ್ಛ) ಎಂದರು, ಸಂಜೆಯೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಎಂದರು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಯಾರು ಎಂದು ಕೇಳಿದೆ. ‘ನಮ್ಮ ತಂಡ’ ಎಂಬ ಉತ್ತರ ಬಂತು. ಕೂದಲು ಕಸಿಯನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ವೈದ್ಯರ ಹೆಸರು ಹೇಳದ ಕಡೆಗೆ ದಯವಿಟ್ಟು ತಲೆ ಕೊಡಬೇಡಿ.

ಹೈದರಾಬಾದಿನ ವೈದ್ಯರು ಹೇಳಿದ್ದು 2,400 ಗ್ರಾಫ್ಟ್. ಗ್ರಾಫ್ಟ್ ಎಂದರೆ ಒಂದು ಕೂದಲಲ್ಲ. ಒಂದರಿಂದ ನಾಲ್ಕು ಕೂದಲುಗಳ ಬೇರುಸಹಿತ ಸಣ್ಣ ಗುಚ್ಛ. ಕಾಲೇಜಿನ ದಿನಗಳಲ್ಲಿದ್ದಂತೆ ಹಣೆಯ ಗೆರೆಯನ್ನು ಕೆಳಗೆ ಎಳೆಯಿರಿ ಎಂದು ನಾನು ಹಟ ಹಿಡಿದೆ. ಅವರು ಒಪ್ಪಲಿಲ್ಲ. ಗೆರೆಯನ್ನು ಒಂದು ಬೆರಳಿನಷ್ಟು ಕೆಳಗಿಳಿಸಿದರೂ ನೂರಾರು ಗ್ರಾಫ್ಟ್ ಅಲ್ಲೇ ಹೋಗುತ್ತದೆ, ನಾಳೆ ನೆತ್ತಿ ಖಾಲಿಯಾದರೆ ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಆ ದಿನ ಬೇಸರವಾಗಿತ್ತು. ಈಗ ಆ ಬೇಡ ಎಂಬ ಮಾತಿಗೆ ಕೃತಜ್ಞನಾಗಿದ್ದೇನೆ.

ಗ್ರಾಫ್ಟಿಗೆ 45 ರೂಪಾಯಿಯಂತೆ 1,08,000 ಆಯಿತು. ಇದನ್ನು ಸೌಂದರ್ಯ ಚಿಕಿತ್ಸೆ ಎಂದು ಪರಿಗಣಿಸುವುದರಿಂದ ಮೇಲೆ ಶೇ 18ರಷ್ಟು ಜಿಎಸ್‌ಟಿ. ನನ್ನ ಆರೋಗ್ಯ ವಿಮೆ ಒಂದು ಪೈಸೆಯನ್ನೂ ಕೊಡಲಿಲ್ಲ.

ಶ್ರಾವಣವನ್ನು ಆರಿಸಿಕೊಂಡೆ. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲಿಗೆ ಹಸಿ ತಲೆ ಒಡ್ಡುವುದು ಸಾಧ್ಯವೇ ಇಲ್ಲ. ಹೊಸ ತೊಗರಿ ಬಂದ ಮೇಲೆ ಮಿಲ್ಲಿನಲ್ಲಿ ರಜೆಯೂ ಇಲ್ಲ, ಹೊಟ್ಟಿನ ದೂಳಂತೂ ಹೇಳತೀರದು. ರಕ್ತಪರೀಕ್ಷೆಗಳಾದವು: ಸಕ್ಕರೆ, ಎಚ್‌ಐವಿ, ಹೆಪಟೈಟಿಸ್, ರಕ್ತ ಹೆಪ್ಪುಗಟ್ಟುವ ಸಮಯ. ಊಟದ ಮೇಲೆ ಹಾಕುತ್ತಿದ್ದ ಜರ್ದಾ ಎಲೆಯಡಿಕೆಯನ್ನು ಎರಡು ವಾರ ಮೊದಲೇ ಬಿಟ್ಟೆ. ತಂಬಾಕು ರಕ್ತನಾಳಗಳನ್ನು ಕುಗ್ಗಿಸುತ್ತದೆ, ನೆಟ್ಟ ಬೇರಿಗೆ ರಕ್ತ ಸಿಗುವುದಿಲ್ಲ.

ಆ ದಿನದಲ್ಲಿ ನಿಜವಾಗಿ ನೋವಾದದ್ದು ಅರಿವಳಿಕೆಯ ಚುಚ್ಚುಮದ್ದುಗಳಿಗೆ ಮಾತ್ರ. ಹಿಂದಲೆಯಲ್ಲಿ ಹತ್ತು ನಿಮಿಷ ಕಣ್ಣೀರು ಬರಿಸುವಷ್ಟು ಉರಿ, ಆಮೇಲೆ ತಲೆ ಮರದ ತುಂಡಿನಂತಾಯಿತು. ಮಲಗಿದ್ದ ನನಗೆ ಕೇಳುತ್ತಿದ್ದದ್ದು ಒಂದು ಮಿಲಿಮೀಟರಿಗಿಂತ ಸಣ್ಣ ಕೊಳವೆ ಚರ್ಮದಲ್ಲಿ ತಿರುಗುವಾಗಿನ ಕರಕರ ಸದ್ದು. ಮಧ್ಯಾಹ್ನ ಊಟಕ್ಕೆ ಎದ್ದಾಗ ಕಿತ್ತ ಗ್ರಾಫ್ಟುಗಳ ತಟ್ಟೆ ತೋರಿಸಿದರು. ತಣ್ಣನೆಯ ಸಲೈನಿನಲ್ಲಿ ನೆನೆದ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲು. ಒಂದೊಂದರ ಬುಡದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣದಾದ ಬಿಳಿ ಗಂಟು, ಮೇಲೆ ಕಪ್ಪು ಎಳೆ. ಅದನ್ನು ನೋಡಿದ ಮೇಲೆ ಒಂದನ್ನೂ ಕಳೆದುಕೊಳ್ಳಬಾರದೆಂಬ ಎಚ್ಚರ ಮನಸ್ಸಿನಲ್ಲಿ ಕುಳಿತಿತು. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವನು ಹೊರಬಂದಾಗ ಸಂಜೆ ಐದು.

ಮೂರನೆಯ ದಿನ ರೈಲಿನಲ್ಲಿ ಮರಳಿದೆ, ತಲೆ ಎಲ್ಲಿಗೂ ತಾಗದಂತೆ ಕುತ್ತಿಗೆಗೆ ದಿಂಬು ಕಟ್ಟಿಕೊಂಡು. ವಾಡಿ ದಾಟುವಷ್ಟರಲ್ಲಿ ಹಣೆಯ ಊತ ಇಳಿದು ಹುಬ್ಬಿಗೆ ಬಂದಿತ್ತು. ಮರುದಿನ ಬೆಳಿಗ್ಗೆ ಕಣ್ಣೇ ತೆರೆಯಲಿಲ್ಲ. ಬಾಗಿಲಲ್ಲಿ ನನ್ನ ಮುಖ ಕಂಡು ಅವ್ವ ಅಳಲು ಶುರು ಮಾಡಿದಳು. ಇದು ಮೊದಲೇ ಹೇಳಿದ್ದ ಊತ, ಎರಡು ದಿನಕ್ಕೆ ಇಳಿಯುತ್ತದೆ ಎಂದು ಸಮಾಧಾನ ಮಾಡುವುದೇ ದೊಡ್ಡ ಕೆಲಸವಾಯಿತು. ಹಾಗೆಯೇ ಇಳಿಯಿತು. ಮನೆಯವರಿಗೆ ಮೊದಲೇ ತಿಳಿಸಿಡಿ.

ಮೊದಲ ಹತ್ತು ದಿನ ಶಿಸ್ತು ಬೇಕು. ಬೆನ್ನಿಗೆ ಮೂರು ದಿಂಬು ಇಟ್ಟು ಒರಗಿ ಮಲಗಿದೆ. ಎಚ್ಚರವಿರುವಷ್ಟು ಹೊತ್ತು ಸಲೈನ್ ಸಿಂಪಡಿಸಿದೆ. ಶಾಂಪೂ ನೊರೆಯನ್ನು ಮೆಲ್ಲಗೆ ಇಟ್ಟು ಮಗ್ಗಿನಿಂದ ನೀರು ಇಳಿಬಿಟ್ಟೆ, ಉಜ್ಜಲಿಲ್ಲ. ಬೋಳಿಸಿದ ತಲೆ ಕಂಡ ನೆರೆಯವರು ತಿರುಪತಿಗೆ ಹೋಗಿದ್ದೆಯಾ ಎಂದು ಕೇಳಿದರು. ಮುಚ್ಚಿಕೊಳ್ಳಲು ಅಪ್ಪ ತನ್ನ ರುಮಾಲು ಕೊಡಲು ಬಂದರು. ಬಿಗಿಯಾಗಿ ಏನನ್ನೂ ಸುತ್ತಬಾರದು ಎಂದು ಬೇಡವೆಂದೆ. ಹೆಲ್ಮೆಟ್ಟೂ ಬೇಡ, ಆದ್ದರಿಂದ ಮೂರು ವಾರ ಬೈಕನ್ನೇ ಮುಟ್ಟಲಿಲ್ಲ. ಹನ್ನೊಂದನೆಯ ದಿನ ನೀರಿನಲ್ಲಿ ನೆನೆದು ಹಕ್ಕಳೆಗಳು ತಾವಾಗಿ ಉದುರಿದವು.

ನನ್ನನ್ನು ಕುಗ್ಗಿಸಿದ್ದು ಅದರ ನಂತರದ ದಿನಗಳು. ನಾಲ್ಕನೆಯ ವಾರದಲ್ಲಿ ನೆಟ್ಟ ಕೂದಲು ಉದುರತೊಡಗಿತು, ಎರಡನೆಯ ತಿಂಗಳು ಮುಗಿಯುವಾಗ ತಲೆ ಮೊದಲಿಗಿಂತ ಬರಿದಾಗಿ ಕಂಡಿತು. ಬೇರು ಒಳಗೇ ಉಳಿದು ವಿಶ್ರಾಂತಿಗೆ ಹೋಗುತ್ತದೆ, ಮೇಲಿನ ಎಳೆ ಮಾತ್ರ ಬೀಳುತ್ತದೆ ಎಂದು ವೈದ್ಯರು ಬರೆದೇ ಕೊಟ್ಟಿದ್ದರು. ಆದರೂ ದುಡ್ಡೆಲ್ಲ ನೀರುಪಾಲಾಯಿತೆಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆ ವರ್ಷ ಅಪ್ಪ ಪಾಲಿಥಿನ್ ಚೀಲದಲ್ಲಿ ಸಸಿ ಮಾಡಿ ತೊಗರಿ ನಾಟಿ ಹಾಕಿದ್ದರು. ನಾಟಿ ಮಾಡಿದ ವಾರ ಸಸಿ ಬಾಡಿತೆಂದು ಯಾರಾದರೂ ಕಿತ್ತು ನೋಡುತ್ತಾರೆಯೇ ಎಂದು ಕೇಳಿ ಸುಮ್ಮನಾದರು. ನಾನು ದಿನವೂ ಫೋಟೊ ತೆಗೆಯುವುದನ್ನು ಬಿಟ್ಟು ತಿಂಗಳಿಗೆ ಒಂದಕ್ಕೆ ಇಳಿಸಿದೆ. ಹಾಗೆ ಮಾಡಿದ್ದರಿಂದಲೇ ಆ ತಿಂಗಳುಗಳನ್ನು ದಾಟಿದೆ.

ನಾಲ್ಕನೆಯ ತಿಂಗಳು ರೇಷ್ಮೆಯಂಥ ತೆಳು ಎಳೆಗಳು ಬಂದವು. ಎಂಟಕ್ಕೆ ಬಾಚಣಿಗೆ ಹಿಡಿದೆ. ವರ್ಷಕ್ಕೆ ಮುಂದಲೆ ತುಂಬಿತು. ಯೌವನದ ದಟ್ಟಣೆಯಲ್ಲ, ಆದರೆ ಕನ್ನಡಿಯ ಮುಂದೆ ಸಂತೋಷವಾಗುವಷ್ಟು.

ಕಸಿ ಮಾಡಿಸಿದರೆ ಉದುರುವುದು ನಿಲ್ಲುತ್ತದೆಂದು ನಂಬಬೇಡಿ. ಮೊದಲಿನಿಂದ ಇದ್ದ ಕೂದಲು ತನ್ನ ದಾರಿಯಲ್ಲಿ ಹೋಗುತ್ತಲೇ ಇರುತ್ತದೆ. ಅದನ್ನು ತಡೆಯಲು ವೈದ್ಯರ ಸಲಹೆಯಂತೆ ದಿನಕ್ಕೆ 1 ಮಿಲಿಗ್ರಾಂ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದೇನೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಬಹುದು ಎಂಬುದನ್ನು ಅವರು ಹೆಂಡತಿಯ ಎದುರಿಗೇ ಬಿಡಿಸಿ ಹೇಳಿದರು, ಒಳ್ಳೆಯದಾಯಿತು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು. ಈ ಮಾತ್ರೆ ನುಂಗುವವರು ರಕ್ತ ಕೊಡುವಂತಿಲ್ಲ. ವರ್ಷಕ್ಕೆರಡು ಬಾರಿ ರಕ್ತದಾನ ಮಾಡುತ್ತಿದ್ದ ನನಗೆ ಅದೊಂದು ಕೊರಗು ಉಳಿದಿದೆ.

ವರ್ಷದ ತಪಾಸಣೆಗೆ ಹೋದಾಗ ನೆತ್ತಿಯನ್ನೂ ತುಂಬಿಸಿಬಿಡೋಣವೇ ಎಂದು ಕೇಳಿದೆ. ವೈದ್ಯರು ಮತ್ತೆ ನನ್ನನ್ನು ತಿರುಗಿಸಿ ಕೂರಿಸಿ ಹಿಂದಲೆ ನೋಡಿದರು. ಇನ್ನು ಸುಮಾರು 2,000 ತೆಗೆಯಬಹುದು, ಆದರೆ ಎರಡು ವರ್ಷ ಕಾಯೋಣ ಎಂದರು. ಈ ಸಲ ನಾನು ಹಟ ಹಿಡಿಯಲಿಲ್ಲ.