ಮೂರನೇ ದಿನದ ಫೋನು

ಲಾಂಗ್ ಕೋವಿಡ್‌ಗೆ, ಅಂದರೆ ಸೋಂಕು ಹೋದರೂ ತಿಂಗಳುಗಟ್ಟಲೆ ಬಿಡದ ಕಾಯಿಲೆಗೆ, ನಾನು ಬರೆದುಕೊಟ್ಟ ಮೊದಲ ಸರ್ಟಿಫಿಕೇಟು ಎರಡೇ ಸಾಲಿನದು: "ಇವರು ಲಾಂಗ್ ಕೋವಿಡ್‌ನಿಂದ ಬಳಲುತ್ತಿದ್ದಾರೆ. ಮೂರು ತಿಂಗಳ ವಿಶ್ರಾಂತಿ ಅಗತ್ಯ." ಸೀಲು ಹೊಡೆದು ಸಹಿ ಹಾಕಿದೆ, ಮುಗಿಯಿತು ಅಂದುಕೊಂಡೆ. ಶಿರಸಿಯಲ್ಲಿ ಫಿಸಿಷಿಯನ್ ಆಗಿ ಇಷ್ಟು ವರ್ಷ ಹೀಗೇ ಬರೆದುಕೊಟ್ಟು ನಡೆದಿತ್ತು. ಇಪ್ಪತ್ತು ದಿನಕ್ಕೆ ವಿಮೆ ಕ್ಲೇಮ್ ರಿಜೆಕ್ಟ್ ಆಗಿ ಬಂತು. ಪತ್ರ ಓದಿ ಸಿಟ್ಟು ಬಂತು. ರಾತ್ರಿ ಮತ್ತೊಮ್ಮೆ ಓದಿದಾಗ, ಅವರ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಹಣ ಕೊಡುತ್ತಿರಲಿಲ್ಲ ಅನ್ನಿಸಿತು. ಆ ಹುಡುಗನಿಗೆ ಏನು ಮಾಡಲಾಗುತ್ತಿಲ್ಲ ಎಂಬ ಒಂದು ಮಾತೂ ನನ್ನ ಕಾಗದದಲ್ಲಿ ಇರಲಿಲ್ಲ.

ಹುಡುಗ ಅಂದರೆ ಮೂವತ್ನಾಲ್ಕರವನು. ಗುರುತು ಸಿಗದಂತೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಬೆಂಗಳೂರಿನ ಕಂಪನಿ ಕೆಲಸ, ಲಾಕ್‌ಡೌನ್‌ನಲ್ಲಿ ಊರಿನ ತೋಟದ ಮನೆಗೆ ಬಂದಿದ್ದ. 2021ರ ಮೇ ತಿಂಗಳಲ್ಲಿ ಜ್ವರ ಬಂತು, ಆಸ್ಪತ್ರೆ ಸೇರುವಷ್ಟೇನೂ ಆಗಲಿಲ್ಲ, ಜ್ವರ ಬಿಟ್ಟಿತು. ಸುಸ್ತು ಬಿಡಲಿಲ್ಲ. "ಮಾಣಿ ಮಿಂದ್ಕಂಡು ಬಂದ್ರೆ ಸಾಕು ಡಾಕ್ಟ್ರೇ, ಮತ್ತೆ ಒಂದ್ ತಾಸು ಮಲಗ್ತ" ಎಂದು ತಾಯಿ ಹೇಳಿದ್ದು ನಾನು ಬರೆದ ಎರಡು ಸಾಲಿಗಿಂತ ಒಳ್ಳೆಯ ರಿಪೋರ್ಟು.

ಅವನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ, ಕಾಯಿಲೆಯಿಂದ ಕೆಲಸ ನಿಂತರೆ ಸಂಬಳದ ಒಂದು ಪಾಲು ಕೊಡುವ ಕವರ್ ಇತ್ತು. ನಮ್ಮ ಕಡೆ ಇದು ಅಪರೂಪ. ಹೆಚ್ಚಿನವರ ಪಾಲಿಸಿಯಲ್ಲಿ ಅಂಗವೈಕಲ್ಯದ ಕವರ್ ಇದ್ದರೂ ಅದು ಅಪಘಾತಕ್ಕೆ ಮಾತ್ರ. ಹಾಗಾಗಿ ಈಗ ನಾಡಿ ನೋಡುವ ಮೊದಲೇ ಪಾಲಿಸಿ ಬಾಂಡ್ ಕೇಳುತ್ತೇನೆ. ಅದರಲ್ಲಿ "ತನ್ನ ಉದ್ಯೋಗ" ಮಾಡಲಾಗದಿದ್ದರೆ ಎಂದಿದೆಯೋ, "ಯಾವುದೇ ಉದ್ಯೋಗ" ಎಂದಿದೆಯೋ ನೋಡುತ್ತೇನೆ. ಎರಡಕ್ಕೂ ಅಜಗಜಾಂತರ.

ಮುಂದಿನ ಕೆಲಸ ಸೋಂಕು ತಗುಲಿದ ದಿನಾಂಕ ಹುಡುಕುವುದು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ ಸೋಂಕು ತಗುಲಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ಲಕ್ಷಣ ಇರಬೇಕು, ಕಡಿಮೆಯೆಂದರೆ 2 ತಿಂಗಳು ಉಳಿದಿರಬೇಕು, ಬೇರೆ ಕಾಯಿಲೆಯಿಂದ ಬಂದದ್ದಾಗಿರಬಾರದು. ಥೈರಾಯ್ಡ್, ರಕ್ತಹೀನತೆ, ಸಕ್ಕರೆ, ಹೃದಯ ಎಲ್ಲ ನೋಡಿ ಪಕ್ಕಕ್ಕಿಡುವುದು ಇದಕ್ಕಾಗಿಯೇ. ಸೋಂಕಿನ ಪುರಾವೆ ಮಾತ್ರ ತಲೆನೋವು. ಆಗ ಎಷ್ಟೋ ಮನೆಗಳಲ್ಲಿ ಒಬ್ಬರಿಗೆ ಪಾಸಿಟಿವ್ ಬಂದರೆ ಉಳಿದವರು ಟೆಸ್ಟಿಗೇ ಹೋಗಲಿಲ್ಲ. ಲಸಿಕೆ ಆದಮೇಲೆ ಆ್ಯಂಟಿಬಾಡಿ ನೋಡಿಯೂ ಪ್ರಯೋಜನ ಕಡಿಮೆ. ಹಳೇ ಫೋನಿನಲ್ಲಿ ಎಸ್‌ಆರ್‌ಎಫ್ ನಂಬರಿನ (ಕೋವಿಡ್ ಟೆಸ್ಟಿನ ಸ್ಯಾಂಪಲ್ಲಿಗೆ ಕೊಡುತ್ತಿದ್ದ ನಂಬರು) ಮೆಸೇಜ್ ಹುಡುಕಿಸುತ್ತೇನೆ. ಅದೂ ಸಿಗದಿದ್ದರೆ ನೆನಪೇ ಗತಿ, ನೆನಪಿಗೆ ಇಲ್ಲಿ ಕ್ಯಾಲೆಂಡರ್ ಬೇರೆ. "ಯಾವ ತಿಂಗಳಿಂದ" ಅಂದರೆ ತಡಬಡಾಯಿಸಿದ ಹೆಂಗಸೊಬ್ಬರು, "2022ರ ಮಾರಿ ಜಾತ್ರೆಗೆ ಬಂದು ಅರ್ಧ ದಾರೀಲಿ ಕೂತ್ಬಿಟ್ಟಿದ್ದೆ" ಎಂದು ಥಟ್ಟನೆ ಹೇಳಿದರು. ಹಾಗೇ ಬರೆದುಕೊಂಡೆ.

ಹುಡುಗನ ಎರಡನೇ ರಿಪೋರ್ಟಿಗೆ ಅಳತೆ ಬೇಕಿತ್ತು. ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರ್ ನೇರ ಜಾಗ ಬೇಕು, ನನ್ನ ಕ್ಲಿನಿಕ್ಕಿನಲ್ಲಿ ಬಾಗಿಲಿಂದ ಗೋಡೆಗೆ ಹನ್ನೊಂದೇ ಮೀಟರ್. ಪರಿಚಯದವರೊಬ್ಬರ ಅಡಿಕೆ ಗೋದಾಮು ಕೇಳಿಕೊಂಡೆ. ಚೀಲಗಳನ್ನು ಒತ್ತಟ್ಟಿಗೆ ಸರಿಸಿ, ಟೇಪು ಹಿಡಿದು, ಮೂರು ಮೀಟರಿಗೊಂದು ಸೀಮೆಸುಣ್ಣದ ಗೀಟು ಎಳೆದೆವು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಅವನು 430 ಮೀಟರ್ ನಡೆದ. ಆಮ್ಲಜನಕ 97ರಿಂದ 95ಕ್ಕೆ ಇಳಿಯಿತು, ಅಷ್ಟೇ. ಇನ್ನೊಂದು ದಿನ ಮಲಗಿಸಿ ನಾಡಿ ಎಣಿಸಿದೆ, 78. ಗೋಡೆಗೆ ಬೆನ್ನು ಕೊಟ್ಟು ಹತ್ತು ನಿಮಿಷ ನಿಲ್ಲಿಸಿದಾಗ 116. ಬಿಪಿ ಇಳಿದಿರಲಿಲ್ಲ. ಬಿಪಿ ಬೀಳದೆ ನಾಡಿ 30ಕ್ಕಿಂತ ಹೆಚ್ಚು ಏರಿದರೆ ಅದಕ್ಕೆ ಬೆಲೆಯಿದೆ, ನಿಲ್ಲುವುದನ್ನು ದೇಹ ತಾಳುತ್ತಿಲ್ಲ ಎಂಬುದರ ಸೂಚನೆ ಅದು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಎಂದು ಅಳೆಯುವ ಡಿಎಲ್‌ಸಿಒ ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದೆ. ನಾರ್ಮಲ್ ಬಂತು.

ಎಲ್ಲವನ್ನೂ ಚಂದಕ್ಕೆ ಟೈಪ್ ಮಾಡಿಸಿ ಕಳಿಸಿದೆ. ಉತ್ತರ ಬಂತು: ಪರೀಕ್ಷೆಗಳು ಸಾಮಾನ್ಯ, 430 ಮೀಟರ್ ನಡೆಯಬಲ್ಲರು, ಕೂತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ. ನಾಡಿಯ ಮಾತೇ ಇಲ್ಲ. ನಾನು ಕೊಟ್ಟ ಅಂಕಿಯಿಂದಲೇ ನನ್ನ ರೋಗಿಗೆ ಹೊಡೆತ ಬಿತ್ತು.

ನಡೆದದ್ದೇನೆಂದರೆ, ಗೋದಾಮಿನಿಂದ ಮನೆಗೆ ಹೋದವನು ಮರುದಿನ ಮಧ್ಯಾಹ್ನದಿಂದ ಎರಡು ದಿನ ಎದ್ದಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಬಂದಾಗಲೂ ಅದೇ ಕಥೆ. ಈ ಕಾಯಿಲೆಯ ಸ್ವಭಾವವೇ ಅದು: ಶ್ರಮಪಟ್ಟ ಹೊತ್ತಿನಲ್ಲಿ ಮನುಷ್ಯ ಸರಿಯಾಗೇ ಕಾಣುತ್ತಾನೆ, 12ರಿಂದ 72 ತಾಸಿನೊಳಗೆ ಕುಸಿಯುತ್ತಾನೆ. ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆ ಮಾಡಿಸಿದವನು ಫೋನು ಮಾಡಿ ಕೇಳಿರಲಿಲ್ಲ. ಎರಡು ದಿನ ಬೆನ್ನುಬೆನ್ನಿಗೆ ವ್ಯಾಯಾಮ ಮಾಡಿಸಿ ಅಳೆಯುವ ವಿಧಾನವೂ ಇದೆ. ಅದರ ಯಂತ್ರ ನನ್ನಲ್ಲಿಲ್ಲ, ಇದ್ದರೂ ಇಂಥವರ ಮೇಲೆ ಮಾಡಲು ನನಗೆ ಮನಸ್ಸು ಬಾರದು.

ಈಗ ನಡಿಗೆ ಪರೀಕ್ಷೆ ಆದ ಮೇಲೆ ಮೂರು ದಿನ, ಬೆಳಿಗ್ಗೆ ಒಂದೇ ವೇಳೆಗೆ ಫೋನು ಮಾಡುತ್ತೇನೆ. ಎದ್ದಿದ್ದು ಎಷ್ಟಕ್ಕೆ, ಮಿಂದಾಯಿತೇ, ಊಟ ಕೂತು ಮಾಡಿದರೇ, ಎಷ್ಟು ಹೊತ್ತು ಸ್ಕ್ರೀನ್ ನೋಡಿದರು. ಉತ್ತರ ಕೊಟ್ಟವರು ಯಾರು ಎಂಬುದನ್ನೂ ಬರೆಯುತ್ತೇನೆ. ಜೊತೆಗೆ ಅವರ ಕೆಲಸವನ್ನೇ ಬಿಡಿಸಿ ಕೇಳುತ್ತೇನೆ. ಈ ಹುಡುಗನ ಕೆಲಸ "ಕೂತು ಮಾಡುವುದು" ನಿಜ, ಆದರೆ ದಿನಕ್ಕೆ ನಾಲ್ಕು ಮೀಟಿಂಗು, ಒಂಬತ್ತು ತಾಸು ಕೋಡ್. ಅವನಿಂದ ಆಗುತ್ತಿದ್ದದ್ದು ನಲವತ್ತು ನಿಮಿಷ, ಆಮೇಲೆ ಓದಿದ ಸಾಲನ್ನೇ ಮತ್ತೆ ಓದುತ್ತಿದ್ದ. ಮೂರನೇ ರಿಪೋರ್ಟಿನಲ್ಲಿ ಇದನ್ನೇ ಬರೆದೆ, ಶ್ವಾಸಕೋಶ ಸರಿಯಿದೆ ಎಂದೂ ಬರೆದೆ. ಅನುಕೂಲವಲ್ಲದ್ದನ್ನು ಮುಚ್ಚಿಟ್ಟರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ.

ಅಂಗವಿಕಲರ ಕಾರ್ಡ್ ವಿಷಯಕ್ಕೆ ಬರುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಲಾಂಗ್ ಕೋವಿಡ್ ಇಲ್ಲ. ಕೋವಿಡ್ ಸಮಯದಲ್ಲಿ ಲಕ್ವಾ ಹೊಡೆದು ಕೈಕಾಲು ಹೋಗಿದ್ದರೆ ಆ ಲೆಕ್ಕದಲ್ಲಿ ನೋಡುತ್ತಾರೆ, 40 ಶೇಕಡಾ ಮುಟ್ಟಿದರೆ ಸೌಲಭ್ಯ. ಬರೀ ಸುಸ್ತಿಗೆ, ಏದುಸಿರಿಗೆ ಶೇಕಡಾ ಹಾಕುವ ದಾರಿಯಿಲ್ಲ. ಒಬ್ಬರು ನ್ಯೂಜೆರ್ಸಿಯ ಭಾವ ಕಳಿಸಿದ ಪ್ರಿಂಟ್ ತಂದಿದ್ದರು: ಲಾಂಗ್ ಕೋವಿಡ್ ಅಂಗವೈಕಲ್ಯ ಆಗಬಹುದು ಎಂದು ಅಮೆರಿಕ ಸರ್ಕಾರ 2021ರ ಜುಲೈನಲ್ಲಿ ಹೇಳಿದ್ದು. ಅಲ್ಲಿನ ಕಾನೂನು ಇಲ್ಲಿನ ಮೆಡಿಕಲ್ ಬೋರ್ಡಿಗೆ ಲಾಗೂ ಆಗುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಚಹ ಆರಿತ್ತು.

ವಿಮೆ ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಗೇ ಬರೆದು ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಇಂಥ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹುಡುಗ ಅಲ್ಲಿಯ ತನಕ ಹೋಗಬೇಕಾಗಲಿಲ್ಲ. ಮೂರನೇ ರಿಪೋರ್ಟಿಗೆ ಆರು ತಿಂಗಳ ಹಣ ಕೊಟ್ಟು, ಮರುಪರಿಶೀಲನೆ ಫಾರ್ಮ್ ಕಳಿಸಿದರು.

ಮತ್ತೆ ಅದೇ ಗೋದಾಮು, ಅದೇ ಗೀಟು. ಈ ಸಲ 445 ಮೀಟರ್. ನಗುತ್ತ ಹೋದ. ಮೊದಲ ದಿನ ಅವನೇ ಫೋನೆತ್ತಿದ. ಎರಡನೇ ದಿನವೂ ಅವನೇ, ಮಾತು ಕಡಿಮೆ. ಮೂರನೇ ದಿನ ತಾಯಿ ಎತ್ತಿದರು. "ಮಲಗಿದ್ದ" ಎಂದರು. ಎಬ್ಬಿಸುವುದು ಬೇಡವೆಂದು ಹೇಳಿ, ವೇಳೆ ಬರೆದುಕೊಂಡೆ: ಬೆಳಿಗ್ಗೆ 11.20.