ಚೊಗರಿನ ಬ್ರೌನ್, ಕರಟದ ಬ್ರೌನ್: ದೀಪಾವಳಿಗೆ ಮುಂಚೆ ಕೂದಲಿಗೆ ಬಣ್ಣ ಹಚ್ಚುವವರಿಗೆ

ನಿಟುವಳ್ಳಿಯಲ್ಲಿ ನನ್ನದು ಎರಡು ಕುರ್ಚಿಯ ಪಾರ್ಲರ್. ದಸರಾ ಮುಗಿದ ಮರುದಿನದಿಂದ ಅಲ್ಲಿ ಒಂದೇ ಮಾತು. "ಅಕ್ಕಾ, ಈ ಸಲ ಕರಿ ಬ್ಯಾಡ, ಬ್ರೌನ್ ಮಾಡ್ರಿ." ಯಾವ ಬ್ರೌನ್ ಅಂತ ಕೇಳಿದರೆ ಮೊಬೈಲ್ ತೆಗೆಯುತ್ತಾರೆ. ಹಳದಿ ಎಲೆ ಉದುರಿದ ದಾರಿ, ಉಣ್ಣೆ ಕೋಟು ತೊಟ್ಟ ಹುಡುಗಿ, ಚಾಕಲೇಟಿನ ಹಾಗೆ ಹೊಳೆಯುವ ಕೂದಲು. ಚೆನ್ನಾಗಿಯೇ ಇರುತ್ತದೆ. ಆದರೆ ನಮ್ಮ ದಾವಣಗೆರೆಯ ಶರದೃತು ಅಂದರೆ ಮಳೆ ಬಿಟ್ಟ ಮೇಲಿನ ಚುರುಕು ಬಿಸಿಲು, ರಸ್ತೆ ಬದಿ ಒಣಹಾಕಿದ ಮೆಕ್ಕೆಜೋಳ, ಆಮೇಲೆ ನರಕ ಚತುರ್ದಶಿಯ ಎಣ್ಣೆ ಸ್ನಾನ. ಆ ಫೋಟೋದ ಹುಡುಗಿಗೆ ಈ ಮೂರೂ ಇಲ್ಲ.

ಬಣ್ಣಗಳಿಗೆ ನಾನು ಬೇರೆ ಹೆಸರು ಇಟ್ಟುಕೊಂಡಿದ್ದೇನೆ. ನನ್ನ ತವರು ಚನ್ನಗಿರಿ ಕಡೆ, ಅಡಿಕೆ ಸೀಮೆ. ದಸರಾ ಹೊತ್ತಿಗೆ ಕೊಯ್ಲು ಜೋರು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ, ಚೊಗರು, ಅಂದರೆ ಬೇಯಿಸಿದ ನೀರು ಇಂಗಿ ಗಟ್ಟಿಯಾದ ಅಡಿಕೆಯ ರಸ, ಹಚ್ಚಿ ಬಿಸಿಲಿಗೆ ಹರವುತ್ತಾರೆ. ಆ ಚೊಗರು ಕೈಗೆ ಹತ್ತಿದರೆ ವಾರ ಕಳೆದರೂ ಹೋಗದು. ಕೆಂಪು ಬೆರೆತ ಆ ಕಡು ಕಂದು ನನಗೆ 'ಚೊಗರಿನ ಬ್ರೌನ್'. ಕೆಂಪೂ ಇಲ್ಲದ, ಬೂದಿಯೂ ಅಲ್ಲದ ನಡುವಿನದು 'ಕರಟದ ಬ್ರೌನ್', ಅಂದರೆ ಕೊಬ್ಬರಿ ತೆಗೆದ ಒಣ ಚಿಪ್ಪಿನದು. ಕೆಂಪನ್ನು ಅಡಗಿಸಿ ಸ್ವಲ್ಪ ಬೂದಿ ಕಡೆ ವಾಲಿದ್ದು 'ಕಾಫಿಪುಡಿ ಬ್ರೌನ್'. ಗಿರಾಕಿಗಳಿಗೆ 'ಮಹಾಗನಿ', 'ಆ್ಯಶ್' ಎಂದರೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಾರೆ. ಚೊಗರು ಎಂದರೆ ಕೂಡಲೇ, "ಅಯ್ಯೋ, ಅಷ್ಟು ಕೆಂಪು ಬ್ಯಾಡ್ರಿ ಅಕ್ಕಾ" ಎನ್ನುತ್ತಾರೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಉಳಿದ ಅರ್ಧ ಡಬ್ಬಿಯ ಮೇಲಿನ ನಂಬರಿನಲ್ಲಿದೆ. ಡಬ್ಬಿಯ ಮೇಲಿನ ಚಿತ್ರ ನೋಡಬೇಡಿ, ನಂಬರ್ ನೋಡಿ. 1 ಅಂದರೆ ಕಪ್ಪು. 10ರ ಕಡೆ ಹೋದಷ್ಟೂ ತಿಳಿ. ಕಡು ಕಂದು ಸಾಮಾನ್ಯವಾಗಿ 3, ಅದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಕಂದು 4, ತಿಳಿಗಂದು 5. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಆಚೀಚೆ ಆಗುತ್ತದೆ, ಮೆಟ್ಟಿಲು ಮಾತ್ರ ಹೆಚ್ಚುಕಮ್ಮಿ ಇದೇ. ಚುಕ್ಕೆಯ ನಂತರದ ಅಂಕಿ ಛಾಯೆಯದು. ಹೆಚ್ಚಿನ ಕಂಪನಿಗಳಲ್ಲಿ .1 ಅಂದರೆ ಬೂದಿ (ನನ್ನ ಕಾಫಿಪುಡಿ), .3 ಬಂಗಾರ, .4 ತಾಮ್ರ, .5 ಮಹಾಗನಿ (ನನ್ನ ಚೊಗರು). ಚುಕ್ಕೆ ಇಲ್ಲದಿದ್ದರೆ ಅಥವಾ .0 ಇದ್ದರೆ ಅದು ನನ್ನ ಕರಟ.

ಈಗ ಕಹಿ ಮಾತು. ನಮ್ಮ ಹೆಚ್ಚಿನವರ ಹುಟ್ಟು ಕೂದಲು 1, 2 ಅಥವಾ 3ರಲ್ಲೇ ಇರುತ್ತದೆ. ಅಂಥ ಕಪ್ಪು ಕೂದಲಿಗೆ 3 ಹಚ್ಚಿದರೆ ಮನೆಯ ಟ್ಯೂಬ್‌ಲೈಟಿನಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಹೋದಾಗ ಬಿಸಿಲಿಗೆ ಒಂದು ಮಿಂಚು ಕಾಣಬಹುದು, ಅಷ್ಟೇ. 4 ಹಚ್ಚಿದರೆ ಬಿಸಿಲಲ್ಲಿ ಕಂದು, ನೆರಳಲ್ಲಿ ಕಪ್ಪು. ನನ್ನ ಕೇಳಿದರೆ ಇದೇ ಒಳ್ಳೆಯ ಆಯ್ಕೆ. 5 ಹಚ್ಚಿದರೆ ಎಲ್ಲರಿಗೂ ಕಾಣುತ್ತದೆ, ಜೊತೆಗೆ ತಾಮ್ರವೂ ಕಾಣುತ್ತದೆ. ಕಾರಣ ಇಷ್ಟೇ. ಬಣ್ಣದ ಜೊತೆ ಕಲಸುವ ದ್ರವಕ್ಕೆ ಡೆವಲಪರ್ ಎನ್ನುತ್ತಾರೆ. ಡೆವಲಪರ್‌ನಲ್ಲಿರುವ ಪೆರಾಕ್ಸೈಡ್ ಮೊದಲು ನಮ್ಮ ಕಪ್ಪನ್ನು ಸ್ವಲ್ಪ ಕರಗಿಸುತ್ತದೆ. ಕಪ್ಪಿನ ಕೆಳಗೆ ಕೆಂಪು, ಕಿತ್ತಳೆ ಇರುತ್ತದೆ. ಮೇಲೆ ಹಾಕಿದ ಬಣ್ಣ ತೊಳೆದು ಹೋದ ಹಾಗೆ ಅದು ಇಣುಕುತ್ತದೆ. ಕೆಂಪು ಇಷ್ಟವಿದ್ದರೆ ತೊಂದರೆಯಿಲ್ಲ, ಇಲ್ಲವಾದರೆ .1 ಇರುವುದನ್ನು ತೆಗೆದುಕೊಳ್ಳಿ.

ನರೆ ಬಂದವರ ಲೆಕ್ಕ ಬೇರೆ. ಬಿಳಿ ಕೂದಲಿಗೆ 4 ಹಚ್ಚಿದರೆ ಅಲ್ಲಿ 4 ಹಾಗೇ ಕಾಣುತ್ತದೆ. ಪಕ್ಕದ ಕಪ್ಪು ಕೂದಲು ಹೆಚ್ಚುಕಮ್ಮಿ ಕಪ್ಪಾಗೇ ಉಳಿಯುತ್ತದೆ. ನರೆ ಅಲ್ಲೊಂದು ಇಲ್ಲೊಂದು ಇದ್ದರೆ ಇದು ಚೆಂದ, ಎಳೆ ಎಳೆಯಾಗಿ ಹೊಳೆಯುತ್ತದೆ. ಅರ್ಧಕ್ಕಿಂತ ಜಾಸ್ತಿ ನರೆ ಇದ್ದರೆ ಛಾಯೆ ಗೀಯೆ ಬೇಡ, 3 ಅಥವಾ 4ರ ಸಾದಾ ಕರಟವೇ ಸಾಕು. ಬರೀ ಚೊಗರು ಹಚ್ಚಿದರೆ ಬಿಳಿ ಕೂದಲೆಲ್ಲ ಕೆಂಪಗೆ ಎದ್ದು ಕಾಣುತ್ತದೆ. ಬರೀ ಬೂದಿ ಹಚ್ಚಿದರೆ ಮುಖ ಜ್ವರ ಬಂದವರ ಹಾಗೆ ಸಪ್ಪೆ.

ಮುಂಗೈ ನರ ಹಸಿರೋ ನೀಲಿಯೋ ನೋಡಿ ಬಣ್ಣ ಆರಿಸಿ ಅಂತ ಹೇಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ನಮ್ಮ ಗೋಧಿ ಬಣ್ಣದ ಕೈಯಲ್ಲಿ ಎರಡೂ ಕಾಣುತ್ತವೆ. ನಾನು ಕೇಳುವುದು ಒಂದೇ: "ಅರಿಶಿನ ಬಣ್ಣದ ಸೀರೆ ಉಟ್ಟಾಗ ಜನ ಚೆಂದ ಕಾಣ್ತೀಯ ಅಂತಾರೋ, ನೇರಳೆ ಉಟ್ಟಾಗಲೋ?" ಅರಿಶಿನ ಎಂದವರಿಗೆ ಚೊಗರು, ನೇರಳೆ ಎಂದವರಿಗೆ ಕಾಫಿಪುಡಿ. ಎರಡೂ ಎಂದವರಿಗೆ ಕರಟ. ಇದು ಯಾವ ಕೋರ್ಸಿನಲ್ಲೂ ಹೇಳಿಕೊಟ್ಟಿದ್ದಲ್ಲ. ಆದರೂ ತಪ್ಪಿದ್ದು ಕಡಿಮೆ.

ಅನುಮಾನ ಇದ್ದರೆ ಬಾಚಣಿಗೆಗೆ ಸಿಕ್ಕ ಕೂದಲನ್ನು ಒಂದು ವಾರ ಕೂಡಿಸಿಡಿ. ಹೇಗೂ ಪಾತ್ರೆ ಕೊಟ್ಟು ಕೂದಲು ಒಯ್ಯುವವರಿಗೆ ಅಂತ ಗೋಡೆ ಸಂದಿಯಲ್ಲಿ ಸಿಕ್ಕಿಸಿಡುವ ಮನೆಗಳು ಇನ್ನೂ ಇವೆ. ಆ ಗಂಟಿಗೆ ದಾರ ಕಟ್ಟಿ, ಸ್ವಲ್ಪ ಬಣ್ಣ ಕಲಸಿ ಹಚ್ಚಿ, ತೊಳೆದು ಒಣಗಿಸಿ. ಆಮೇಲೆ ಸಂಜೆ 4 ಗಂಟೆ ಬಿಸಿಲಿಗೆ ಬಾಗಿಲಲ್ಲಿ ನಿಂತು ನೋಡಿ. ಕನ್ನಡಿ ಮುಂದಿನ ಬಲ್ಬು ಸುಳ್ಳು ಹೇಳುತ್ತದೆ.

ಮುಂಚೆ ಕರಿ ಡೈ ಹಚ್ಚಿದವರು ಇಲ್ಲಿ ಸ್ವಲ್ಪ ನಿಲ್ಲಿ. ಪಾರ್ಲರ್ ಹಾಕಿದ ಎರಡನೇ ವರ್ಷ ನನ್ನ ನಾದಿನಿ ಬಂದಳು. ಎರಡು ವರ್ಷದಿಂದ ತಿಂಗಳಿಗೊಮ್ಮೆ ಪ್ಯಾಕೆಟ್ ಕರಿ ಹಚ್ಚಿಕೊಂಡವಳು. "ಅತ್ತಿಗೆ, ಹಬ್ಬಕ್ಕೆ ಬ್ರೌನ್ ಮಾಡು" ಎಂದಳು. ನಾನೂ ಹುಮ್ಮಸ್ಸಿನಲ್ಲಿ ಬುಡದಿಂದ ತುದಿವರೆಗೆ 5 ಹಚ್ಚಿದೆ. ತೊಳೆದು ನೋಡಿದರೆ ಬುಡದಲ್ಲಿ ಒಂದು ಬೆರಳಷ್ಟು ತಾಮ್ರದ ಕೊಡ, ಕೆಳಗೆಲ್ಲ ಇದ್ದಿಲು. ಒಂದು ಬಣ್ಣ ಇನ್ನೊಂದು ಬಣ್ಣವನ್ನು ಎತ್ತುವುದಿಲ್ಲ. ಹುಟ್ಟಿದ ಕಪ್ಪನ್ನು ಕರಗಿಸುವ ಪೆರಾಕ್ಸೈಡ್‌ಗೆ ಹಚ್ಚಿದ ಕಪ್ಪು ಜಗ್ಗುವುದಿಲ್ಲ. ಆ ಹಬ್ಬ ಪೂರ್ತಿ ಅವಳು ಸೆರಗು ಹೊದ್ದೇ ಓಡಾಡಿದಳು. ನಮ್ಮತ್ತೆಗೆ ಮಾತ್ರ ಸೊಸೆಗಿಂತ ಮಗಳಿಗೇ ಮರ್ಯಾದೆ ಬಂತಲ್ಲ ಅಂತ ಖುಷಿ! ನೀವು ಹಾಗಿದ್ದರೆ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ 3 ಹಚ್ಚಿ, ತುದಿಯ ಕಪ್ಪನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಬನ್ನಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ತಾಳ್ಮೆ ಬೇಕು.

ಹಚ್ಚುವ 48 ಗಂಟೆ ಮುಂಚೆ ಕಿವಿ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ಡಬ್ಬಿಯ ಚೀಟಿಯಲ್ಲಿ ಬರೆದ ಹಾಗೆ ಪರೀಕ್ಷೆ ಮಾಡಿ. "ಹತ್ತು ವರ್ಷದಿಂದ ಹಚ್ತೀನಿ, ನಂಗೇನಾಗಲ್ಲ" ಎನ್ನುವವರಿಗೆ ಹನ್ನೊಂದನೇ ವರ್ಷ ಆಗಬಹುದು. ಕಡು ಬಣ್ಣಗಳಲ್ಲಿ ಹೆಚ್ಚಾಗಿ ಇರುವ ಪಿಪಿಡಿ ಎಂಬ ರಾಸಾಯನಿಕದ ಗುಣವೇ ಹಾಗೆ, ಅಲರ್ಜಿ ಯಾವಾಗ ಬೇಕಾದರೂ ಶುರುವಾಗಬಹುದು. ಅಮೋನಿಯಾ ಇಲ್ಲ ಅಂತ ಡಬ್ಬಿ ಮೇಲಿದ್ದರೆ ಪಿಪಿಡಿ ಇಲ್ಲ ಅಂತ ಅರ್ಥವಲ್ಲ. ಹತ್ತೇ ನಿಮಿಷದಲ್ಲಿ ಕಪ್ಪಾಗುವ 'ಕರಿ ಮೆಹಂದಿ'ಯಲ್ಲೂ ಹೆಚ್ಚಾಗಿ ಅದೇ ಇರುತ್ತದೆ, ಮೆಹಂದಿ ಎಲೆಗೆ ಕಪ್ಪು ಕೊಡುವ ಶಕ್ತಿ ಇಲ್ಲ. ಕೆರೆದರೆ, ಕೆಂಪಾದರೆ ಕೈಬಿಡಿ. ಹಚ್ಚಿದ ಮೇಲೆ ಕಣ್ಣು, ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದ ಹಾಗಾದರೆ ಮನೆಮದ್ದು ಮಾಡುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹುಬ್ಬಿಗೆ, ರೆಪ್ಪೆಗೆ ಈ ಬಣ್ಣ ಹಚ್ಚಲೇಬಾರದು.

ಹಚ್ಚುವ ದಿನ ತಲೆಸ್ನಾನ ಬೇಡ, ಎಣ್ಣೆಯೂ ಬೇಡ. ಹಿಂದಿನ ದಿನ ತೊಳೆದ ತಲೆ ಸರಿ. ಪ್ಲಾಸ್ಟಿಕ್ ಬೌಲಿನಲ್ಲಿ ಕಲಸಿ, ಸ್ಟೀಲ್ ಬಟ್ಟಲು ಅಡುಗೆಮನೆಯಲ್ಲೇ ಇರಲಿ. ಹಣೆ ಅಂಚಿಗೆ, ಕಿವಿಗೆ ವ್ಯಾಸಲಿನ್ ಸವರಿ. ಸೊಂಟದವರೆಗೆ ಜಡೆ ಇದ್ದರೆ ಒಂದು ಡಬ್ಬಿ ಸಾಲದು, ಎರಡು ಮೂರು ಬೇಕು. ಅರ್ಧದಲ್ಲಿ ಖಾಲಿಯಾದರೆ ಮಗನನ್ನು ಅಂಗಡಿಗೆ ಓಡಿಸುವ ಪಾಡು ಬೇಡ, ಮೊದಲೇ ತಂದಿಡಿ.

ಮೊದಲ ಸಲ ಹಚ್ಚುವವರು ಎಲ್ಲರೂ ಮಾಡುವ ತಪ್ಪು ಒಂದಿದೆ. ಬುಡದಿಂದ ಶುರು ಮಾಡುತ್ತಾರೆ. ತಲೆಯ ಬಿಸಿಗೆ ಬುಡದಲ್ಲಿ ಬಣ್ಣ ಬೇಗ ಕೆಲಸ ಮಾಡುತ್ತದೆ. ಅಲ್ಲಿ ತಿಳಿಯಾಗಿ, ಕೆಳಗೆ ಗಾಢವಾಗಿ ಉಳಿಯುತ್ತದೆ. ನರೆ ಇಲ್ಲದವರು ನಡುವಿಗೆ, ತುದಿಗೆ ಮೊದಲು ಹಚ್ಚಿ, ಬುಡಕ್ಕೆ ಕೊನೆಗೆ ಹಚ್ಚಿ. ನರೆ ಇರುವವರದು ಉಲ್ಟಾ. ಕಿವಿಯ ಮುಂದೆ, ಹಣೆ ಮೇಲೆ, ಬೈತಲೆಯಲ್ಲಿ ಇರುವ ನರೆ ಬಲು ಮೊಂಡು. ಮೊದಲು ಅಲ್ಲಿಗೆ ದಪ್ಪವಾಗಿ ಮೆತ್ತಿ. ಚೀಟಿಯಲ್ಲಿ ಬರೆದ ಸಮಯಕ್ಕಿಂತ ಮುಂಚೆ ತೊಳೆಯಬೇಡಿ. ಬಣ್ಣ ಕಪ್ಪಗೆ ಕಂಡಿತು ಅಂತ ಗಾಬರಿಯಾಗಿ 15 ನಿಮಿಷಕ್ಕೆ ತೊಳೆದವರ ನರೆ ವಾರದಲ್ಲಿ ಹೊರಗೆ ಬರುತ್ತದೆ. ಹೆಚ್ಚು ಹೊತ್ತು ಇಟ್ಟರೆ ಲಾಭವೂ ಇಲ್ಲ, ಕೂದಲು ಒರಟಾಗುತ್ತದೆ.

ಯಾವ ದಿನ ಹಚ್ಚಬೇಕು? ವಿಜಯದಶಮಿ ಆಗಿ ಐದನೇ ದಿನಕ್ಕೆ ಸೀಗಿ ಹುಣ್ಣಿಮೆ, ನಮ್ಮ ತವರಿನ ಕಡೆ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಅಲ್ಲಿಂದ ಎರಡು ವಾರಕ್ಕೆ ನರಕ ಚತುರ್ದಶಿ. ಹುಣ್ಣಿಮೆ ಕಳೆದ ಮೇಲಿನ ವಾರವೇ ಸರಿಯಾದ ಹೊತ್ತು. ಜನ ಮಾಡುವುದೇನು? ನೀರು ತುಂಬುವ ಹಬ್ಬದ ಮಧ್ಯಾಹ್ನ ಓಡಿ ಬರುತ್ತಾರೆ. ಹಚ್ಚಿಸಿಕೊಂಡು ಹೋಗಿ, ಮರುದಿನ ನಸುಕಿನಲ್ಲಿ ಅಜ್ಜಿಯ ಕೈಗೆ ತಲೆ ಕೊಡುತ್ತಾರೆ. ಅಜ್ಜಿ ಒಂದು ಬಟ್ಟಲು ಎಣ್ಣೆ ತಟ್ಟಿ, ಹಂಡೆಯ ಕುದಿಯುವಂಥ ನೀರು ಸುರಿದು, ಜಿಡ್ಡು ಹೋಗುವವರೆಗೆ ಸೀಗೆಪುಡಿ ಹಾಕಿ ತಿಕ್ಕುತ್ತಾರೆ. ಎಂಟುನೂರು ರೂಪಾಯಿಯ ಬ್ರೌನ್ ಬಚ್ಚಲ ಕಿಂಡಿಯಲ್ಲಿ ಹರಿದು ಹೋಗುತ್ತದೆ. ಮಧ್ಯಾಹ್ನಕ್ಕೆ ನನಗೆ ಫೋನು: "ಅಕ್ಕಾ, ನಿಮ್ಮ ಬಣ್ಣ ನಿಲ್ಲಲಿಲ್ಲ." ನನ್ನ ಬಣ್ಣವಂತೆ!

ಹಚ್ಚಿದ ಮೇಲೆ ಮೂರು ದಿನ ಶಾಂಪೂ ಮುಟ್ಟಬೇಡಿ. ಆಮೇಲೂ ವಾರಕ್ಕೆ ಎರಡು ಸಲ ಸಾಕು, ಸಲ್ಫೇಟ್ ಇಲ್ಲದ ಶಾಂಪೂ ಒಳ್ಳೆಯದು. ಬಣ್ಣ ಕರಗುವುದು ನೀರಿಗೇ ಜಾಸ್ತಿ. ಅದಕ್ಕೆ ತಲೆಗೆ ಉಗುರು ಬೆಚ್ಚಗಿನ ನೀರು, ಕೊನೆಯ ಚೊಂಬು ತಣ್ಣೀರು. ಹಾಗಂತ ಹಬ್ಬದ ಎಣ್ಣೆ ಸ್ನಾನ ಬಿಡಿ ಅಂತ ನಾನು ಹೇಳಲಾರೆ, ಹೇಳಿದರೂ ಅಜ್ಜಿ ಕೇಳುವುದಿಲ್ಲ. ಎರಡು ಚಮಚ ಕೊಬ್ಬರಿ ಎಣ್ಣೆ ಸಾಕು ಎನ್ನಿ. ಮೈಗೆ ಬೇಕಾದಷ್ಟು ಬಿಸಿ ನೀರು ಹಾಕಿಸಿಕೊಳ್ಳಿ, ತಲೆಗೆ ಬೇರೆ ಬಕೆಟ್ ಇಡಿ. ಜಿಡ್ಡು ತೆಗೆಯಲು ಮೊದಲು ಕಂಡೀಷನರ್ ಸವರಿ ಐದು ನಿಮಿಷ ಬಿಟ್ಟು ತೊಳೆದು, ಆಮೇಲೆ ಒಂದೇ ಸಲ ಶಾಂಪೂ ಹಾಕಿ. ಕೊಬ್ಬರಿ ಎಣ್ಣೆ ನಿಜವಾಗಿ ಕೂದಲಿಗೆ ಶತ್ರು ಅಲ್ಲ. ತೊಳೆಯುವ ಮುಂಚೆ ಹಚ್ಚಿದರೆ ಕೂದಲಿನ ಸತ್ವ ನೀರಿಗೆ ಹೋಗುವುದನ್ನು ತಡೆಯುತ್ತದೆ.

ಬೋರ್ ನೀರಿನ ಮನೆಯವರಿಗೆ ಇನ್ನೊಂದು ಕಾಟ. ಗಡಸು ನೀರಿನ ಸುಣ್ಣ ಕೂದಲ ಮೇಲೆ ಕೂತು ಬ್ರೌನ್ ಮಂಕಾಗುತ್ತದೆ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ವಾ, ಅದೇ. ನಲ್ಲಿಯ ಹೊಳೆ ನೀರು ಬಂದ ದಿನ ಒಂದು ಬಕೆಟ್ ತಲೆಗೆ ಅಂತ ಹಿಡಿದಿಡಿ. ಅದೂ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ಕುಡಿಯುವ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಕೊನೆಗೆ ಸುರಿದುಕೊಳ್ಳಿ. ನಿಂಬೆಹಣ್ಣು ಬೇಡ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬಣ್ಣ ತಿಳಿಯಾಗುತ್ತದೆ. ಮಳೆಗಾಲದ ಮೋಡ ಹೋದ ಮೇಲೆ ಬಿಸಿಲು ನೇರ ಹೊಡೆಯುತ್ತದೆ. ಸ್ಕೂಟಿಯಲ್ಲಿ ಹೆಲ್ಮೆಟ್ಟಿನ ಕೆಳಗೆ ತೂಗಾಡುವ ಕುದುರೆಬಾಲವೇ ಮೊದಲು ತಾಮ್ರ ಆಗುವುದು. ಅದನ್ನು ವೇಲಿನ ಒಳಗೆ ಸೇರಿಸಿ.

ಡಬ್ಬಿಯ ಬಣ್ಣ ಬೇಡ ಎನ್ನುವವರು ಶುದ್ಧ ಮೆಹಂದಿ ಎರಡು ಪಾಲು, ನೀಲಿ ಎಲೆಯ ಪುಡಿ ಒಂದು ಪಾಲು ಹಚ್ಚಬಹುದು, ಅಂಗಡಿಯಲ್ಲಿ ಇಂಡಿಗೋ ಪುಡಿ ಅಂತ ಕೇಳಿ. ಮೆಹಂದಿಯನ್ನು ಚಹಾ ಡಿಕಾಕ್ಷನ್‌ನಲ್ಲಿ ರಾತ್ರಿಯೇ ಕಲಸಿಡಿ. ಇಂಡಿಗೋವನ್ನು ಹಚ್ಚುವ ಸ್ವಲ್ಪ ಮುಂಚೆ ಉಗುರು ಬೆಚ್ಚಗಿನ ನೀರಿನಲ್ಲಿ ಕಲಸಿ ಬೆರೆಸಿ. ಮೊದಲ ದಿನ ಕೆಂಪಗೆ ಕಂಡರೆ ಅಳಬೇಡಿ, ಎರಡು ಮೂರು ದಿನದಲ್ಲಿ ಗಾಢವಾಗಿ ಚೊಗರಿಗೆ ತಿರುಗುತ್ತದೆ. ಆದರೆ ಏನೇನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿ ಹಚ್ಚಿದ ತಲೆಗೆ ಡಬ್ಬಿಯ ಬಣ್ಣ ಹಚ್ಚಬೇಡಿ. ಪುಡಿಯಲ್ಲಿ ಲೋಹದ ಲವಣ ಇದ್ದರೆ ಡೆವಲಪರ್ ಜೊತೆ ಸೇರಿ ಕೂದಲು ಬಿಸಿಯೇರಿ ಸುಟ್ಟಂತಾಗುತ್ತದೆ.

ಸೀಗಿ ಹುಣ್ಣಿಮೆಯ ಆಸುಪಾಸು ಹಚ್ಚಿದ್ದರೆ ಮುಂದಿನ ತಿಂಗಳ ಗೌರಿ ಹುಣ್ಣಿಮೆ ಹೊತ್ತಿಗೆ ಬೈತಲೆಯಲ್ಲಿ 1 ಸೆಂಟಿಮೀಟರ್ ಬಿಳಿ ಗೆರೆ ಬಂದಿರುತ್ತದೆ. ಆಗ ಬುಡಕ್ಕೆ ಮಾತ್ರ ಟಚಪ್. ತುದಿ ಮಂಕಾಗಿದ್ದರೆ ತೊಳೆಯುವ ಐದು ನಿಮಿಷ ಮುಂಚೆ ಉಳಿದ ಬಣ್ಣವನ್ನು ಬಾಚಿ ಕೆಳಗಿಳಿಸಿ, ಸಾಕು. ಪ್ರತಿ ಸಲ ಬುಡದಿಂದ ತುದಿವರೆಗೆ ಹಚ್ಚುತ್ತಾ ಹೋದರೆ ವರ್ಷದಲ್ಲಿ ತುದಿ ಮತ್ತೆ ಇದ್ದಿಲಾಗುತ್ತದೆ. ಆಗ ನನ್ನ ನಾದಿನಿಯ ಹಾಗೆ ಸೆರಗು ಹೊದ್ದು ಸಕ್ಕರೆ ಆರತಿ ಹಿಡಿದುಕೊಂಡು ಹೋಗಬೇಕಾಗುತ್ತದೆ. ಅಂದ ಹಾಗೆ, ಅವಳು ಈಗಲೂ ನನ್ನ ಹತ್ತಿರವೇ ಬರುತ್ತಾಳೆ. 4, ಚುಕ್ಕೆ ಇಲ್ಲ, ಬುಡಕ್ಕೆ ಮಾತ್ರ.